1000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಲೆಕ್ಕಕ್ಕೆ 725 ವಾಟ್ ಬರುತ್ತಿದೆ, ಉಳಿದದ್ದು ಎಲ್ಲಿ ಹೋಯಿತು?

ಕೌಲ್‌ಬಜಾರ್ ಇಸ್ತ್ರಿ, ಬಳ್ಳಾರಿ

ನಮಸ್ಕಾರ. ಜೀನ್ಸ್ ಪ್ಯಾಂಟುಗಳಿಗೆ ಇಸ್ತ್ರಿ ಹಾಕಿ, ಮಡಚಿ, ಪ್ಯಾಕ್ ಮಾಡಿ ಕೊಡುವ ಸಣ್ಣ ಕೆಲಸ ನನ್ನದು. ನಾಲ್ಕು ಟೇಬಲ್, ನಾಲ್ಕು ಪೆಟ್ಟಿಗೆ. ಎಲ್ಲದರ ಮೇಲೂ 230 ವೋಲ್ಟ್, 1000 ವಾಟ್ ಎಂದು ಬರೆದಿದೆ. ಬೆಳಿಗ್ಗೆ ನಾನೊಬ್ಬಳೇ ಶುರು ಮಾಡಿದಾಗ ಪೆಟ್ಟಿಗೆ ಬೇಗ ಕಾಯುತ್ತದೆ. ನಾಲ್ವರೂ ಕೆಲಸಕ್ಕೆ ನಿಂತ ಮೇಲೆ ಸೊಂಟಪಟ್ಟಿಯ ದಪ್ಪ ಹೊಲಿಗೆಯ ಮೇಲೆ ಮೂರು ಸಲ ಎಳೆದರೂ ಸುಕ್ಕು ಬಿಡುವುದಿಲ್ಲ.

ಮಗಳು ಹತ್ತನೆಯ ತರಗತಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಎಂದು ಅವಳೇ ಹೇಳಿಕೊಟ್ಟಳು. ಪರಿಚಯದ ವೈರಿಂಗ್ ಕೆಲಸದವರಿಂದ, ವೈರನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತಂದೆವು. ಪೆಟ್ಟಿಗೆಯ ದಪ್ಪ ವೈರನ್ನು ಹಾಗೆಯೇ ಮೀಟರಿನ ಬಾಯಿಗೆ ಸಿಕ್ಕಿಸಿದರೆ ಸೊನ್ನೆ ತೋರಿಸಿತು, ಪೆಟ್ಟಿಗೆ ಮಾತ್ರ ಕಾಯುತ್ತಲೇ ಇತ್ತು! ಆಮೇಲೆ ಅವರೇ ಬಂದು ಬೋರ್ಡಿನ ಒಳಗಿನ ಒಂದೇ ಎಳೆಯನ್ನು ಹಿಡಿದಾಗ 3.7 ಆಂಪಿಯರ್ ಬಂತು. ಆಗ ಸಾಕೆಟ್ಟಿನಲ್ಲಿ 196 ವೋಲ್ಟ್ ಇತ್ತು.

ಭಾಗಿಸಿದರೆ 53 ಓಮ್. ಗುಣಿಸಿದರೆ 725 ವಾಟ್. ಪೆಟ್ಟಿಗೆ ಕೊಂಡು ಎರಡೇ ತಿಂಗಳು. ಹಾಳಾಗಿದೆಯೇ? ಅಂಗಡಿಗೆ ಹಿಂತಿರುಗಿಸಲೇ?

ವಿಜ್ಞಾನ ಮೇಷ್ಟ್ರು, ರಾಯಚೂರು

ಅಕ್ಕನವರೇ, ಹಿಂತಿರುಗಿಸಬೇಡಿ. ಪೆಟ್ಟಿಗೆ ಸರಿಯಾಗಿದೆ, ಅದಕ್ಕೆ ನಿಮ್ಮ 53 ಓಮ್ ಒಂದೇ ಸಾಕು ಸಾಕ್ಷಿ. 230ನ್ನು 53ರಿಂದ ಭಾಗಿಸಿ, 4.34 ಆಂಪಿಯರ್. ಅದನ್ನು ಮತ್ತೆ 230ರಿಂದ ಗುಣಿಸಿ, 998 ವಾಟ್. ಪೂರ್ತಿ 230 ವೋಲ್ಟ್ ಸಿಕ್ಕರೆ ಮಾತ್ರ 1000 ವಾಟ್ ಎಂದು ಆ ಬರಹದ ಅರ್ಥ. ವೋಲ್ಟ್ ಇಳಿದರೆ ಕರೆಂಟೂ ಇಳಿಯುತ್ತದೆ, ಇಳಿದ ಎರಡನ್ನು ಗುಣಿಸಿದಾಗ ವಾಟ್ ಇನ್ನೂ ಆಳಕ್ಕೆ ಇಳಿಯುತ್ತದೆ. ನಿಮ್ಮಲ್ಲಿ ವೋಲ್ಟ್ ನೂರಕ್ಕೆ 15ರಷ್ಟು ಕಡಿಮೆ, ಶಾಖ ನೂರಕ್ಕೆ 27ರಷ್ಟು ಕಡಿಮೆ. ವೋಲ್ಟಿನ ವರ್ಗಕ್ಕೆ ತಕ್ಕಂತೆ ವಾಟ್ ಬದಲಾಗುವ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ನಿಮ್ಮ ಮಗಳು ಅದನ್ನು ಸೊಂಟಪಟ್ಟಿಯ ಸುಕ್ಕಿನಲ್ಲಿ ಕಂಡಳು ಎಂದು ಓದಿ ನಿಜಕ್ಕೂ ಸಂತೋಷವಾಯಿತು.

ಮೀಟರ್ ಸೊನ್ನೆ ತೋರಿಸಿದ್ದು ತಪ್ಪಲ್ಲ. ದಪ್ಪ ವೈರಿನೊಳಗೆ ಹೋಗುವ ಕರೆಂಟೂ ಬರುವ ಕರೆಂಟೂ ಒಟ್ಟಿಗೆ ಇವೆ, ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ.

ಮಗಳಿಗೆ ಒಂದು ಮಾತು ಹೇಳಿ. ಪೆಟ್ಟಿಗೆಯ ನೈಕ್ರೋಮ್ ತಂತಿ ಕಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ, ಅದಕ್ಕೇ ಈ ಲೆಕ್ಕ ಕೂಡಿಬಂತು. ಹಳೆಯ ಫಿಲಮೆಂಟ್ ಬಲ್ಬಿನ ಟಂಗ್‌ಸ್ಟನ್ ಹಾಗಲ್ಲ, ಉರಿಯುವಾಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಪಟ್ಟಿನ ಆಸುಪಾಸಿಗೆ ಏರುತ್ತದೆ. ಹೊಲಿಗೆ ಯಂತ್ರದ ಮೋಟಾರಿನಲ್ಲಿ ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್ ಮತ್ತು ಆಂಪಿಯರಿನ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು, ಸೇರುವುದರಿಂದ ಬರಿಯ ಗುಣಾಕಾರ ಸಾಲದು.

ಮಿಲ್ ವೈರಿಂಗ್, ಗಂಗಾವತಿ

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅಕ್ಕ ಕೇಳಿದ್ದು ಉಳಿದದ್ದು ಎಲ್ಲಿ ಹೋಯಿತು ಎಂದು. ನಾಲ್ಕೂ ಪೆಟ್ಟಿಗೆ ಕಾಯುತ್ತಿರುವಾಗ ಮೀಟರ್ ಬೋರ್ಡಿನ ಹತ್ತಿರ ಎಷ್ಟು ವೋಲ್ಟ್ ಇರುತ್ತದೆ? ಅಲ್ಲಿಂದ ಟೇಬಲ್‌ವರೆಗೆ ಯಾವ ವೈರ್, ಎಷ್ಟು ಉದ್ದ? ನೀವೇ ಅಳೆಯಬೇಡಿ, ಮೀಟರ್ ತಂದವರಿಂದಲೇ ಅಳೆಸಿ.

ಕೌಲ್‌ಬಜಾರ್ ಇಸ್ತ್ರಿ, ಬಳ್ಳಾರಿ

ಅಳೆಸಿದೆ ಅಣ್ಣ. ಬೋರ್ಡಿನಲ್ಲಿ 214, ಟೇಬಲ್ ಹತ್ತಿರ 196. ನಾಲ್ಕೂ ಸೇರಿ 14.8 ಆಂಪಿಯರ್. ವೈರಿನ ದಪ್ಪ ಒಂದು ಸ್ಕ್ವೇರ್ ಎಂ.ಎಂ., ತಾಮ್ರದ್ದು, 30 ಮೀಟರ್ ಆಗುತ್ತದೆಯಂತೆ. ಸಂಜೆಯ ಹೊತ್ತಿಗೆ ಆ ವೈರ್ ಹಾದುಹೋಗುವ, ಗೋಡೆಯ ಮೇಲಿನ ಪ್ಲಾಸ್ಟಿಕ್ ಪಟ್ಟಿ ಬೆಚ್ಚಗಿರುತ್ತದೆ, ಬಳ್ಳಾರಿಯ ಬಿಸಿಲಿಗೆ ಎಂದುಕೊಂಡಿದ್ದೆ.

ಮಿಲ್ ವೈರಿಂಗ್, ಗಂಗಾವತಿ

ಬಿಸಿಲಲ್ಲ ಅಕ್ಕ, ಅದು ನಿಮ್ಮ ಐದನೆಯ ಇಸ್ತ್ರಿ ಪೆಟ್ಟಿಗೆ.

ಮಗಳ ಲೆಕ್ಕವನ್ನೇ ವೈರಿಗೆ ಹಾಕಿ. ದಾರಿಯಲ್ಲಿ ಕಳೆದದ್ದು 18 ವೋಲ್ಟ್. 14.8ರಿಂದ ಭಾಗಿಸಿದರೆ ವೈರಿನ ರೋಧ 1.2 ಓಮ್. ಗುಣಿಸಿದರೆ 266 ವಾಟ್, ಇದು ನಾಲ್ಕೂ ಪೆಟ್ಟಿಗೆಯ ಕರೆಂಟ್ ಸೇರಿ ವೈರಿನಲ್ಲಿ ಕಳೆದದ್ದು. ಅಷ್ಟು ಶಾಖ ಆ ಪಟ್ಟಿಯೊಳಗೆ ಬೇಯುತ್ತಿದೆ. ಎಂಟು ಗಂಟೆ ಹೀಗೆಯೇ ಹರಿದರೆ ಎರಡು ಯೂನಿಟ್‌ಗೂ ಮೇಲೆ, ಅದನ್ನೂ ನೀವೇ ಕಟ್ಟುತ್ತೀರಿ. ಒಂದು ಸ್ಕ್ವೇರ್ ಎಂ.ಎಂ. ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 18 ಓಮ್ ರೋಧ. ಕರೆಂಟ್ ಹೋಗುವ ಎಳೆ (ಫೇಸ್) 30 ಮೀಟರ್, ಮರಳುವ ಎಳೆ (ನ್ಯೂಟ್ರಲ್) 30 ಮೀಟರ್, ಒಟ್ಟು 60ಕ್ಕೆ 1.08 ಆಗಬೇಕು. ಮಿಕ್ಕ ಚೂರು ತಾಮ್ರ ಕಾದದ್ದರಿಂದ ಇರಬಹುದು, ಆದರೆ ನನಗೆ ಜಾಯಿಂಟ್‌ಗಳ ಮೇಲೂ ಅನುಮಾನವಿದೆ. ಬೆಳಿಗ್ಗೆ ಒಂದೇ ಪೆಟ್ಟಿಗೆ ಇದ್ದಾಗ ದಾರಿಯಲ್ಲಿ ಐದು ವೋಲ್ಟ್ ಕೂಡ ಕಳೆಯುವುದಿಲ್ಲ, ಅದಕ್ಕೇ ಅದು ಚೆನ್ನಾಗಿ ಕಾಯುತ್ತದೆ.

ಆ ವೈರಿನ ಮೇಲೆ ಇಷ್ಟು ಲೋಡ್ ಹಾಕಲೇಬಾರದು. ಸುತ್ತಲೂ ಬಟ್ಟೆಯ ರಾಶಿ ಇರುವ ಜಾಗ, ಇದನ್ನು ನಾಳೆಗೆ ಇಡಬೇಡಿ. ಬದಲಾಯಿಸುವವರೆಗೆ ಎರಡೇ ಪೆಟ್ಟಿಗೆ ಓಡಿಸಿ. ನಾಲ್ಕು ಸ್ಕ್ವೇರ್ ಎಂ.ಎಂ. ವೈರ್, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ ಎಳೆಸಿ, ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್, 20 ಆಂಪಿಯರ್ ಎಂಸಿಬಿ ಹಾಕಿಸಿ. ಆಗ ರೋಧ 0.28 ಓಮ್, 16 ಆಂಪಿಯರ್ ಹರಿದರೂ ದಾರಿಯಲ್ಲಿ ನಾಲ್ಕೂವರೆ ವೋಲ್ಟ್ ಮಾತ್ರ ಹೋಗುತ್ತದೆ.

ಕೌಲ್‌ಬಜಾರ್ ಇಸ್ತ್ರಿ, ಬಳ್ಳಾರಿ

ವೈರ್ ಬದಲಾಯಿಸಿ ನಾಲ್ಕು ದಿನವಾಯಿತು ಅಣ್ಣ. ನಾಲ್ಕೂ ಓಡುವಾಗ ಬೋರ್ಡಿನಲ್ಲಿ 214, ಟೇಬಲ್ ಹತ್ತಿರ 209, ಪೆಟ್ಟಿಗೆಗೆ 3.9 ಆಂಪಿಯರ್. 815 ವಾಟ್ ಎಂದು ಮಗಳು ಟೇಬಲ್ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದ್ದಾಳೆ. ಹೊಲಿಗೆಯ ಮೇಲೆ ಈಗ ಎರಡು ಸಲ ಎಳೆದರೆ ಸಾಕು, ಪಟ್ಟಿ ತಣ್ಣಗಿದೆ.

ಕಿತ್ತ ಹಳೆಯ ವೈರಿನಲ್ಲಿ ಎರಡು ಕಡೆ ಜಾಯಿಂಟ್ ಇತ್ತು. ಒಂದರ ಕಪ್ಪು ಟೇಪ್ ಕರಗಿ ಬೆಲ್ಲದ ಪಾಕದಂತೆ ಅಂಟಾಗಿತ್ತು, ಬಿಡಿಸಿದರೆ ಒಳಗಿನ ತಾಮ್ರ ಹುರಿದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಆ ತುಂಡನ್ನು ಮಗಳು ಅವರ ಮೇಷ್ಟರಿಗೆ ತೋರಿಸಲು ಇವತ್ತು ಶಾಲೆಗೆ ಒಯ್ದಿದ್ದಾಳೆ.