ಶಾಲೆ ಶುರುವಾಗುವ ಮುಂಚೆ: ಮಕ್ಕಳ ಡಾಕ್ಟರಿಗೆ ಪೋಷಕರ ಪ್ರಶ್ನೆಗಳು

ಅಡ್ಮಿನ್: ಮೇ ಕೊನೆಗೆ ಶಾಲೆ ತೆರೆಯುತ್ತೆ. ಇವತ್ತು ರಾತ್ರಿ 8ರಿಂದ ಡಾಕ್ಟರ್ ಮೇಡಂ ಇರ್ತಾರೆ. ನಿದ್ದೆ, ತಿಂಡಿ, ಓದು, ಬ್ಯಾಗ್ ಬಗ್ಗೆ ಕೇಳಿ.

5ನೇ ತರಗತಿ ತಂದೆ: ರಜೆಯಲ್ಲಿ ಮಗ ಮಲಗೋದು 11.30, ಏಳೋದು 9. ಶಾಲೆಗೆ 6.30ಕ್ಕೆ ಏಳಬೇಕು. ಹೇಗೆ ತಿದ್ದೋದು?

ಡಾಕ್ಟರ್: ಮಲಗುವ ಹೊತ್ತನ್ನು ಬಿಡಿ, ಏಳುವ ಹೊತ್ತು ಹಿಡಿಯಿರಿ. ಎರಡು ದಿನಕ್ಕೊಮ್ಮೆ 15 ನಿಮಿಷ ಮುಂಚೆ ಎಬ್ಬಿಸಿ, ಎದ್ದ ಕೂಡಲೇ ಬಿಸಿಲಿಗೆ ಕಳಿಸಿ. ಎರಡೂವರೆ ಗಂಟೆ ಹಿಂದೆ ತರಲು ಸುಮಾರು 20 ದಿನ ಬೇಕು, ಹಾಗಾಗಿ ಇವತ್ತೇ ಶುರು ಮಾಡಿ. ಮಧ್ಯಾಹ್ನದ ನಿದ್ದೆ ಬೇಡ. ಭಾನುವಾರವೂ ಅದೇ ಸಮಯ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು, 13 ದಾಟಿದವರಿಗೆ 8ರಿಂದ 10.

7ನೇ ತರಗತಿ ತಾಯಿ: 21 ದಿನ ಮಾಡಿದರೆ ಯಾವ ಅಭ್ಯಾಸವಾದರೂ ಕೂತುಬಿಡುತ್ತೆ ಅಂತ ಫಾರ್ವರ್ಡ್ ಬಂದಿದೆ. ಜೊತೆಗೆ ಈ ನೆನಪಿನ ಶಕ್ತಿ ಪುಡಿ (ಫೋಟೋ), ಬೆಳಿಗ್ಗೆ ಒಂದು ಚಮಚ ಜೇನಿನಲ್ಲಿ.

ಡಾಕ್ಟರ್: 21 ದಿನದ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಅಧ್ಯಯನವೊಂದರಲ್ಲಿ ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ 18, ಕೆಲವರಿಗೆ 254. 22ನೇ ದಿನ ಮಗು ತಪ್ಪಿದರೆ ಬೈಯಬೇಡಿ. ಆ ಪುಡಿಯ ಮೇಲೆ ತಯಾರಕರ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ. ಇಂಥವುಗಳಲ್ಲಿ ಸೀಸ ಸಿಕ್ಕಿದ್ದುಂಟು. ಸೀಸ ಕೆಡಿಸುವುದು ಮಿದುಳನ್ನೇ. ಕೊಡಬೇಡಿ.

ತಿಪಟೂರಿನ ತಾಯಿ: ಮಗಳು 9ನೇ ತರಗತಿಗೆ ಹೋಗ್ತಾಳೆ. ಕಳೆದ ವರ್ಷವಿಡೀ ಮಧ್ಯಾಹ್ನ 3ರ ಮೇಲೆ ತಲೆನೋವು, ಮನೆಗೆ ಬಂದರೆ ಮಲಗಿಬಿಡ್ತಾಳೆ. ಗಣಿತ 70ರಿಂದ 40ಕ್ಕೆ ಇಳಿದಿದೆ. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸ್. ಶಿಸ್ತು ಕಲಿಸೋದು ಹೇಗೆ?

ಡಾಕ್ಟರ್: ಬೆಳಿಗ್ಗೆ ಏನು ತಿಂತಾಳೆ? ಮುಟ್ಟು ಎಷ್ಟು ದಿನ? ನೀರು ಯಾಕೆ ಕುಡಿಯಲ್ಲ ಅಂತ ಕೇಳಿದ್ದೀರಾ?

ತಿಪಟೂರಿನ ತಾಯಿ: ಬಸ್ 7.10ಕ್ಕೆ, ಅರ್ಧ ಲೋಟ ಕಾಫಿ ಅಷ್ಟೇ. ಮುಟ್ಟು 8 ದಿನ. ಶೌಚಾಲಯಕ್ಕೆ ಚಿಲಕ ಇಲ್ಲ, ಅದಕ್ಕೇ ಕುಡಿಯಲ್ಲವಂತೆ.

ಡಾಕ್ಟರ್: ಇದರಲ್ಲಿ ಶಿಸ್ತಿನ ಮಾತೇ ಇಲ್ಲ. ಹುಡುಗಿ ಹಸಿದಿದ್ದಾಳೆ, ಬಾಯಾರಿದ್ದಾಳೆ, ರಕ್ತವೂ ಕಡಿಮೆ ಇರಬಹುದು. ಈ ವಾರವೇ ಹಿಮೋಗ್ಲೋಬಿನ್ ನೋಡಿಸಿ; 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 7 ದಿನ ದಾಟಿದ ಮುಟ್ಟನ್ನು ಡಾಕ್ಟರಿಗೆ ತಿಳಿಸಲೇಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ ಎಸೆಯದಿರಲಿ, ಊಟವಾದ ಮೇಲೆ ನುಂಗಲಿ. ಮಲ ಕಪ್ಪಾದರೆ ಗಾಬರಿ ಬೇಡ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ, ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. 7ಕ್ಕೆ ಪೂರ್ತಿ ತಿಂಡಿ ಇಳಿಯದಿದ್ದರೆ ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಬೀಜ ಸಾಕು. ಮೊದಲ ಬಿಡುವಿಗೆ ಡಬ್ಬಿಯಲ್ಲಿ ಮೊಟ್ಟೆ ಅಥವಾ ಹೆಸರುಕಾಳು ಉಸಲಿ. ಮೂತ್ರ ತಡೆದಿಟ್ಟುಕೊಂಡರೆ ಸೋಂಕಾಗಬಹುದು. ಉರಿ, ಜ್ವರ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಚಿಲಕದ ಬಗ್ಗೆ ನಾಲ್ಕು ಪೋಷಕರು ಸಹಿ ಹಾಕಿ ಮುಖ್ಯ ಶಿಕ್ಷಕರಿಗೆ ಬರೆದುಕೊಡಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕಣ್ಣೂ ಪರೀಕ್ಷಿಸಿ, ಬೋರ್ಡ್ ಕಾಣದೆಯೂ ಗಣಿತ ಕೈಬಿಡುತ್ತೆ. ಬೆಳಗಿನ ಜಾವ ತಲೆನೋವಿನಿಂದ ಎಚ್ಚರವಾದರೆ, ಜೊತೆಗೆ ವಾಂತಿ ಆದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

10ನೇ ತರಗತಿ ತಂದೆ: ಬ್ರಾಹ್ಮಿ ಮುಹೂರ್ತದಲ್ಲಿ 4ಕ್ಕೆ ಎದ್ದು ಓದಿಸಿ, ತಲೆನೋವು ತಾನೇ ಹೋಗುತ್ತೆ.

ಹಾಸನದ ಶಿಕ್ಷಕಿ: ಟ್ಯೂಷನ್ ಮುಗಿಸಿ 11ಕ್ಕೆ ಮಲಗುವ ಮಗುವಿಗೆ 4ಕ್ಕೆ ಎದ್ದರೆ ಸಿಗೋದು 5 ಗಂಟೆ. ಮೊದಲ ಪೀರಿಯಡ್‌ನಲ್ಲೇ ತೂಕಡಿಸ್ತಾರೆ.

10ನೇ ತರಗತಿ ತಂದೆ: 9ಕ್ಕೆ ಮಲಗಿಸಿ ಅಂದೆ.

ಹಾಸನದ ಶಿಕ್ಷಕಿ: ಎಲ್ಲಿ ಅಂದಿರಿ? ಮೇಲೆ ಓದಿ. ಎಷ್ಟು ಗಂಟೆಗೆ ಎದ್ದರು ಅನ್ನೋದಕ್ಕಿಂತ ಹೇಗೆ ಓದಿದರು ಅನ್ನೋದು ಮುಖ್ಯ. ಅಡಿಗೆರೆ ಹಾಕಿ ನಾಲ್ಕು ಸಲ ಓದಿದರೆ ಬಂತು ಅನ್ನಿಸುತ್ತೆ, ಬಂದಿರಲ್ಲ. ಪುಸ್ತಕ ಮುಚ್ಚಿ 10 ನಿಮಿಷ ನೆನಪಿನಿಂದ ಬರೆಸಿ, ಬಿಟ್ಟದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಲಿ. ಮರುದಿನ, ನಾಲ್ಕನೇ ದಿನ, ಮುಂದಿನ ವಾರ ಮತ್ತೆ ಹೀಗೇ.

10ನೇ ತರಗತಿ ತಂದೆ: ಶಾಲೆಯಲ್ಲಿ ನೀವೇ ಇದನ್ನ ಮಾಡಿಸಿದ್ದರೆ ಟ್ಯೂಷನ್ ಯಾಕೆ ಬೇಕಿತ್ತು?

ಹಾಸನದ ಶಿಕ್ಷಕಿ: ತರಗತಿಗೆ 62 ಮಕ್ಕಳು. ಬಂದು ಒಂದು ದಿನ ಮಾಡಿಸಿ ನೋಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

3ನೇ ತರಗತಿ ತಾಯಿ: ಬ್ಯಾಗ್ ಎಷ್ಟು ಭಾರ ಇರಬಹುದು? ಕಂಪನಿ ಯಾವುದು ಒಳ್ಳೆಯದು?

ಡಾಕ್ಟರ್: ರಾಜ್ಯದ ಸುತ್ತೋಲೆಯಂತೆ 3ರಿಂದ 5ನೇ ತರಗತಿಗೆ 2ರಿಂದ 3 ಕಿಲೋ. ರಾತ್ರಿಯೇ ವೇಳಾಪಟ್ಟಿ ನೋಡಿ ಜೋಡಿಸಿ.

6ನೇ ತರಗತಿ ತಂದೆ: ಎಷ್ಟು ಗಂಟೆ ನಿದ್ದೆ ಬೇಕು ಮೇಡಂ?

ಡಾಕ್ಟರ್: ಮೇಲಿದೆ.

ಇನ್ನೊಬ್ಬ ತಾಯಿ: ಮಲಗೋ ಟೈಮ್ ಹೇಳಿ ಪ್ಲೀಸ್.

ಡಾಕ್ಟರ್: ಮೇಲಿದೆ. ಮೂರನೇ ಸಲ ಬರೆಯಲ್ಲ.

7ನೇ ತರಗತಿ ತಾಯಿ: ಪುಡಿ ಬೇಡ ಅಂದ್ರಿ. ಬಾದಾಮಿ ಎಣ್ಣೆ ಮೂಗಿಗೆ ಎರಡು ಹನಿ?

ಡಾಕ್ಟರ್: ಮಕ್ಕಳ ಮೂಗಿಗೆ ಯಾವ ಎಣ್ಣೆಯನ್ನೂ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ. ಇಂಥದ್ದನ್ನು ಇನ್ನೊಂದು ಗುಂಪಿಗೆ ಕಳಿಸುವ ಮುಂಚೆ ದಯವಿಟ್ಟು ಅಳಿಸಿ.

8ನೇ ತರಗತಿ ತಂದೆ: ಮೊಬೈಲ್‌ನಲ್ಲೇ ಹೋಂವರ್ಕ್ ಬರುತ್ತೆ, ಕೊಡದೆ ಇರೋದು ಹೇಗೆ?

10ನೇ ತರಗತಿ ತಂದೆ: ಎಣ್ಣೆ ನಮ್ಮ ಪರಂಪರೆ, ಎಲ್ಲದಕ್ಕೂ ಬೇಡ ಅಂದ್ರೆ ಹೇಗೆ?

ತಿಪಟೂರಿನ ತಾಯಿ: ನಾಳೆ ರಕ್ತ ಪರೀಕ್ಷೆಗೆ ಹೋಗ್ತೀವಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಡಾಕ್ಟರ್: ಬೇಡ. ತಿಂಡಿ ಕೊಟ್ಟೇ ಕರೆದುಕೊಂಡು ಹೋಗಿ. ವರದಿ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ.