ಎರಡು ಮೇಲ್ ಸರ್ವರ್, ಒಂದೇ ಎನ್‌ಎಫ್‌ಎಸ್: ಇಂಡೆಕ್ಸ್ ಪದೇ ಪದೇ ಕೆಡುತ್ತಿದೆ

ಹಾಸನದಿಂದ ಪ್ರಶ್ನೆ:
ಕಾಲೇಜೊಂದರ ಮೇಲ್ ನೋಡಿಕೊಳ್ಳುತ್ತೇನೆ. ಡವ್‌ಕಾಟ್ 2.3 (ಬಳಕೆದಾರರಿಗೆ ಮೇಲ್ ಒದಗಿಸುವ ಸಾಫ್ಟ್‌ವೇರ್) ಇರುವ ಎರಡು ಸರ್ವರ್, ಮುಂದೆ ಕನೆಕ್ಷನ್ ಹಂಚುವ ಎಚ್‌ಎಪ್ರಾಕ್ಸಿ, ಹಿಂದೆ ಎರಡೂ ಸರ್ವರ್ ಬಳಸುವ ನೆಟ್‌ವರ್ಕ್ ಡಿಸ್ಕಾದ ಎನ್‌ಎಫ್‌ಎಸ್ ಮೇಲೆ ಮೇಲ್‌ಡಿರ್ (ಒಂದೊಂದು ಮೇಲ್ ಒಂದೊಂದು ಫೈಲ್). ರೌಂಡ್ ರಾಬಿನ್ (ಸರದಿಯಂತೆ ಹಂಚುವುದು) ಹಾಕಿದ್ದೇನೆ. ಪ್ರಿನ್ಸಿಪಾಲರು ಫೋನಿನಲ್ಲಿ ಓದಿದ ಮೇಲ್ ಚೇಂಬರಿನ ಕಂಪ್ಯೂಟರಿನಲ್ಲಿ ಓದದ ಹಾಗೇ ಇರುತ್ತದೆ. ಲಾಗ್ ತುಂಬ ಇಂಡೆಕ್ಸ್ (ಡವ್‌ಕಾಟ್ ಮೇಲ್‌ಗಳ ಪಟ್ಟಿ ಇಡುವ ಫೈಲ್) ಎರರ್. ಫೋನಿನ ಕನೆಕ್ಷನ್ ನಿಮಿಷದೊಳಗೇ ಕಟ್ ಆಗುತ್ತೆ. ಬ್ಯಾಲೆನ್ಸ್ ಸೋರ್ಸ್ (ಬಂದ ಐಪಿ ನೋಡಿ ಸರ್ವರ್ ಆರಿಸುವುದು) ಅಂತ ಬದಲಿಸಿದರೆ ಸಾಕಾ ಸರ್?

ಚಿಕ್ಕಮಗಳೂರು, ಕಾಫಿ ಕ್ಯೂರಿಂಗ್ ಆಫೀಸಿನಿಂದ:
ಸಾಲದು. ಫೋನ್ ಮೊಬೈಲ್ ಡೇಟಾದಲ್ಲಿರುತ್ತೆ, ಕಂಪ್ಯೂಟರ್ ಕಾಲೇಜಿನ ಐಪಿಯಲ್ಲಿ. ಒಬ್ಬರದೇ ಮೇಲ್‌ಬಾಕ್ಸ್ ಮತ್ತೆ ಎರಡು ಸರ್ವರಿಗೆ ಹಂಚಿ ಹೋಗುತ್ತೆ. ಕಾಲೇಜಿನೊಳಗಿನ ಕಂಪ್ಯೂಟರುಗಳೆಲ್ಲ ಒಂದೇ ಐಪಿಯಿಂದ ಬಂದರೆ ಅಷ್ಟೂ ಒಂದೇ ಸರ್ವರ್ ಮೇಲೆ ಬೀಳುತ್ತವೆ.

ಮೇಲ್‌ಡಿರ್‌ನಲ್ಲಿ ‘ಓದಿದೆ’ ಅನ್ನೋದು ಫೈಲ್ ಹೆಸರಿನ ಕೊನೆಯ ‘ಎಸ್’ ಅಕ್ಷರ, ಅಷ್ಟೇ. ಮೇಲ್ ಸಾಮಾನ್ಯವಾಗಿ ಹಾಳಾಗಲ್ಲ. ಪೆಟ್ಟು ಬೀಳೋದು ಇಂಡೆಕ್ಸಿಗೆ. ಒಂದು ಸರ್ವರ್ ಬರೆದದ್ದು ಎನ್‌ಎಫ್‌ಎಸ್ ಕ್ಯಾಶ್‌ನಿಂದಾಗಿ (ತಾತ್ಕಾಲಿಕ ನಕಲಿನಿಂದಾಗಿ) ಇನ್ನೊಂದಕ್ಕೆ ತಡವಾಗಿ ಕಾಣುತ್ತೆ. ಡವ್‌ಕಾಟ್‌ನ ಎನ್‌ಎಫ್‌ಎಸ್ ಸೆಟ್ಟಿಂಗ್‌ಗಳಿಂದ ಇದು ಕಡಿಮೆಯಾಗುತ್ತೆ, ಪೂರ್ತಿ ನಿಲ್ಲಲ್ಲ.

ಒಬ್ಬ ಬಳಕೆದಾರ ಯಾವತ್ತೂ ಒಂದೇ ಸರ್ವರಿಗೆ ಹೋಗಬೇಕು. ಲಾಗಿನ್ ಆಗೋವರೆಗೆ ಹೆಸರು ಗೊತ್ತಾಗಲ್ಲ, ಎಚ್‌ಎಪ್ರಾಕ್ಸಿ ಅಷ್ಟು ದೂರ ನೋಡೋದೂ ಇಲ್ಲ. ಅದರ ಹಿಂದೆ ಡವ್‌ಕಾಟನ್ನೇ ಪ್ರಾಕ್ಸಿಯಾಗಿ ಇಡಿ. ಪಾಸ್‌ಡಿಬಿಯಲ್ಲಿ (ಲಾಗಿನ್ ವಿವರ ಇರುವ ಕಡೆ) ಪ್ರತಿಯೊಬ್ಬರ ಎದುರು ಹೋಸ್ಟ್, ಅಂದರೆ ಅವರ ಸರ್ವರ್, ಬರೆಯಿರಿ. ಬಳಕೆದಾರರನ್ನು ಒಂದೇ ಸರ್ವರಿಗೆ ಕಳಿಸುವ ಡವ್‌ಕಾಟ್‌ನ ಡೈರೆಕ್ಟರ್ ಹಾಕಿ ಅಂತ ಹಳೇ ಸಲಹೆ ಸಿಗುತ್ತೆ. ದಯವಿಟ್ಟು ಈಗ ಅದನ್ನು ಶುರು ಮಾಡಬೇಡಿ, 2.4ರಲ್ಲಿ ತೆಗೆದುಹಾಕಿದ್ದಾರೆ.

ಕನೆಕ್ಷನ್ ಕಟ್ ಆಗೋದು ಎಚ್‌ಎಪ್ರಾಕ್ಸಿ ಟೈಮ್‌ಔಟ್‌ನಿಂದ ಇರಬೇಕು. ಐಮ್ಯಾಪ್ ಐಡಲ್‌ನಲ್ಲಿ (ಹೊಸ ಮೇಲಿಗಾಗಿ ಕನೆಕ್ಷನ್ ತೆರೆದಿಟ್ಟು ಕಾಯುವುದು) ಫೋನ್ 29 ನಿಮಿಷದವರೆಗೂ ಸುಮ್ನೆ ಕೂತಿರಬಹುದು. ಕ್ಲೈಂಟ್, ಸರ್ವರ್ ಎರಡರ ಟೈಮ್‌ಔಟನ್ನೂ ಅದಕ್ಕಿಂತ ಜಾಸ್ತಿ ಇಡಿ.

ಸಕಲೇಶಪುರದಿಂದ:
ಮೂಲದಲ್ಲಿ ಎನ್‌ಎಫ್‌ಎಸ್ ಬಾಕ್ಸ್ ಒಂದೇ ಅಲ್ವಾ? ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಎರಡು ಸರ್ವರ್ ಇದ್ದೂ ಏನು ಬಂತು? ಚಿಕ್ಕ ಕಾಲೇಜಾದರೆ ಒಂದು ಸರ್ವರ್ ಓಡಲಿ, ಇನ್ನೊಂದಕ್ಕೆ ಡಿಆರ್‌ಬಿಡಿಯಲ್ಲಿ (ನೆಟ್‌ವರ್ಕ್ ಮೂಲಕ ಡಿಸ್ಕ್ ನಕಲಿಸುವ ಸಾಫ್ಟ್‌ವೇರ್) ಕಾಪಿ ಆಗುತ್ತಿರಲಿ. ಆದರೆ ಮೂರನೇ ಯಂತ್ರದ ವೋಟ್ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ತಾನಾಗೇ ಬದಲಾಗಲು ಬಿಡಬೇಡಿ. ನಡುವಿನ ಕೇಬಲ್ ಕಿತ್ತರೆ ಎರಡೂ ‘ನಾನೇ ಮುಖ್ಯ’ ಅಂತ ಬರೆಯತೊಡಗುತ್ತವೆ.

ಹಾಸನದಿಂದ:
ಧನ್ಯವಾದ. ಹೊಸ ಮೇಲ್ ಬಂದು ಬೀಳೋದು? ಮೇಲ್ ಬರಮಾಡಿಕೊಳ್ಳುವ ಪೋಸ್ಟ್‌ಫಿಕ್ಸ್ ಎರಡರಲ್ಲೂ ಇದೆ. ಕೆಟ್ಟ ಇಂಡೆಕ್ಸ್ ಅಳಿಸಬಹುದಾ?

ಚಿಕ್ಕಮಗಳೂರಿನಿಂದ:
ಪೋಸ್ಟ್‌ಫಿಕ್ಸ್‌ನಿಂದ ಎಲ್‌ಎಂಟಿಪಿ (ಮೇಲ್ ತಲುಪಿಸುವ ಪ್ರೋಟೋಕಾಲ್) ಮೂಲಕ ಅದೇ ಪ್ರಾಕ್ಸಿಗೆ ಕೊಡಿ, ಅದು ಸರಿಯಾದ ಸರ್ವರಿಗೆ ಮುಟ್ಟಿಸುತ್ತೆ. ಕ್ಯೂ (ಕಳಿಸಲು ಕಾದಿರುವ ಮೇಲ್) ಮಾತ್ರ ಆಯಾ ಸರ್ವರಿನ ಸ್ವಂತ ಡಿಸ್ಕಿನಲ್ಲೇ ಇರಲಿ. ಇಂಡೆಕ್ಸ್ ಫೈಲ್ ಅಳಿಸಿದರೆ ಡವ್‌ಕಾಟ್ ಮತ್ತೆ ಕಟ್ಟಿಕೊಳ್ಳುತ್ತೆ. ಪಕ್ಕದಲ್ಲೇ ಇರುವ, ಮೇಲ್‌ಗಳ ನಂಬರ್ ಇಡುವ ಯುಐಡಿ‌ಲಿಸ್ಟ್ ಮುಟ್ಟಬೇಡಿ. ಅದು ಹೋದರೆ ಎಲ್ಲರ ಫೋನೂ ಹಳೇ ಮೇಲನ್ನೆಲ್ಲ ಮತ್ತೆ ಇಳಿಸಿಕೊಳ್ಳುತ್ತೆ.