ಲ್ಯಾಬಲ್ಲಿ ಬೆಳ್ಸಿದ ಮಾಂಸ ತಿನ್ನಬಹುದಾ? ಡಾಕ್ಟರ್ ಮೇಡಂಗೆ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ವಾರದಿಂದ ಗುಂಪಲ್ಲಿ ಲ್ಯಾಬ್ ಮಾಂಸದ ವಿಡಿಯೋನೇ ಓಡ್ತಾ ಇದೆ. ಒಬ್ರು ತಿಂದ್ರೆ ಕ್ಯಾನ್ಸರ್ ಅಂತಾರೆ, ಇನ್ನೊಬ್ರು ಇನ್ಮೇಲೆ ಹಂದಿ ಕೋಳಿ ಸಾಕೋದೇ ಬೇಡ ಅಂತಾರೆ. ಅದಕ್ಕೆ ಪಶುವೈದ್ಯರಾಗಿ ಮಾಂಸ ವಿಜ್ಞಾನದಲ್ಲಿ ಎಂವಿಎಸ್ಸಿ ಮಾಡಿರೋ ನಮ್ಮ ಮೇಡಂನ ಕೇಳ್ಕೊಂಡಿದ್ದೀವಿ, ಬಿಡುವಾದಾಗ ಉತ್ತರ ಕೊಡ್ತಾರೆ. ದಯವಿಟ್ಟು ಮರ್ಯಾದೆಯಿಂದ ಕೇಳಿ.

ಸೋಮವಾರಪೇಟೆ ಮೇಷ್ಟ್ರು: ನಮಸ್ತೆ ಮೇಡಂ. ಮೊದ್ಲು ಇದು ಏನು ಅಂತ ಹೇಳಿ. ಸೋಯಾದಿಂದ ಮಾಡೋದಾ ಅಥವಾ ನಿಜವಾದ ಮಾಂಸನಾ?

ಡಾಕ್ಟರ್ ಮೇಡಂ: ನಮಸ್ತೆ ಮೇಷ್ಟ್ರೇ. ಸೋಯಾ ಅಲ್ಲ, ಮಾಂಸನೇ. ಬದುಕಿರೋ ಪ್ರಾಣಿ ಮೈಯಿಂದ ಒಂಚೂರು ತೆಗೀತಾರೆ, ಇಲ್ಲಾ ಮೊಟ್ಟೆಯಿಂದ ಜೀವಕೋಶ ತಗೋತಾರೆ. ಅದನ್ನ ದೊಡ್ಡ ಸ್ಟೀಲ್ ಟ್ಯಾಂಕಲ್ಲಿ ಸಕ್ಕರೆ ಅಂಶ, ಅಮೈನೋ ಆಸಿಡ್, ವಿಟಮಿನ್, ಲವಣ ಎಲ್ಲಾ ಇರೋ ದ್ರವದಲ್ಲಿ ಬಿಟ್ಟು, ಬೇಕಾದಷ್ಟು ಬಿಸಿ ಇಟ್ರೆ ಕೋಶ ಎರಡಾಗಿ ನಾಲ್ಕಾಗಿ ಬೆಳೀತಾ ಹೋಗುತ್ತೆ. 2013ರಲ್ಲಿ ಲಂಡನ್ನಲ್ಲಿ ಮಾರ್ಕ್ ಪೋಸ್ಟ್ ಅನ್ನೋ ವಿಜ್ಞಾನಿ ಮೊದಲ ಬರ್ಗರ್ ತೋರಿಸಿದ್ರು, ಅದೊಂದಕ್ಕೇ ಸುಮಾರು ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು. ಮಾರಾಟಕ್ಕೆ ಮೊದ್ಲು ಒಪ್ಪಿಗೆ ಕೊಟ್ಟಿದ್ದು ಸಿಂಗಾಪುರ, 2020ರಲ್ಲಿ, ಕೋಳಿ ಮಾಂಸಕ್ಕೆ. ಅಮೆರಿಕ 2023ರಲ್ಲಿ.

ಕುಶಾಲನಗರ ಹುಡ್ಗ: ಮೇಡಂ ನಮ್ಮ ಕಡೆ ಎಲ್ಲಿ ಸಿಗುತ್ತೆ?

ಡಾಕ್ಟರ್ ಮೇಡಂ: ಸಿಗಲ್ಲ. ಭಾರತದಲ್ಲಿ ಮಾರಾಟಕ್ಕೆ ಒಪ್ಪಿಗೆ ಇಲ್ಲ. ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ, ಕೊಚ್ಚಿಯ ಮೀನು ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ, ಇಂಥ ಕಡೆ ಸಂಶೋಧನೆ ಕೈಗೆತ್ತಿಕೊಂಡಿದ್ದಾರೆ ಅಷ್ಟೇ.

ಕಾಫಿ ಹೂ: ಮೇಡಂ ಇದು ಕ್ಯಾನ್ಸರ್ ಗೆಡ್ಡೆನ ಬೆಳ್ಸಿ ಮಾರೋದಂತೆ, ನಮ್ಮ ಚಿಕ್ಕಮ್ಮ ಕಳ್ಸಿದ್ರು ವಿಡಿಯೋ, ಅದ್ರಲ್ಲಿ ಡಾಕ್ಟರ್ ಕೋಟ್ ಹಾಕ್ಕೊಂಡೇ ಹೇಳ್ತಾರೆ.

ಡಾಕ್ಟರ್ ಮೇಡಂ: ಬಿಳಿ ಕೋಟು ಯಾರು ಬೇಕಾದ್ರೂ ಹಾಕ್ಕೋಬಹುದು. ಮಾಮೂಲಿ ಕೋಶ ಸ್ವಲ್ಪ ಸಲ ವಿಭಜನೆ ಆಗಿ ನಿಂತು ಹೋಗುತ್ತೆ, ಅದಕ್ಕೆ ಕೆಲವು ಕಂಪನಿಗಳು ನಿಲ್ಲದೆ ವಿಭಜನೆ ಆಗ್ತಾ ಹೋಗೋ ಕೋಶ ಬಳಸ್ತಾರೆ, ಈ ಮಾತು ಹುಟ್ಟಿದ್ದು ಅಲ್ಲಿಂದ. ಆದ್ರೆ ಹಾಗೆ ವಿಭಜನೆ ಆಗೋದೆಲ್ಲ ಕ್ಯಾನ್ಸರ್ ಅಲ್ಲ. ಬೇಯಿಸಿದ್ರೆ ಕೋಶ ಸಾಯುತ್ತೆ, ಉಳಿದದ್ದು ಹೊಟ್ಟೆಲಿ ಜೀರ್ಣ ಆಗುತ್ತೆ. ತಿಂದ ಹಂದಿ ಕೋಶ ನಮ್ಮ ಮೈಯಲ್ಲಿ ಹಂದಿಯಾಗಿ ಬೆಳೆಯಲ್ಲ ಅಲ್ವಾ, ಇದೂ ಹಾಗೇನೇ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಮತ್ತು ಆರೋಗ್ಯ ಸಂಸ್ಥೆ ಡಬ್ಲ್ಯುಎಚ್‌ಒ ಸೇರಿ ಇದರ ಅಪಾಯಗಳನ್ನ ಪಟ್ಟಿ ಮಾಡಿದ್ರು, ಹೆಚ್ಚಿನವು ಮಾಮೂಲಿ ಆಹಾರದಲ್ಲೂ ಇರೋವೇ, ಸೂಕ್ಷ್ಮಾಣು ಸೇರ್ಕೊಳ್ಳೋದು, ಅಲರ್ಜಿ, ಇಂಥವು. ಹತ್ತಿಪ್ಪತ್ತು ವರ್ಷ ದಿನಾ ತಿಂದವರು ಯಾರೂ ಇನ್ನೂ ಇಲ್ಲ, ಅದಕ್ಕೆ ಎಚ್ಚರಿಕೆಯಿಂದ ಪರೀಕ್ಷೆ ಮಾಡ್ಲಿ ಅಂತ ನಾನೂ ಹೇಳ್ತೀನಿ. ಆದ್ರೆ ಗೆಡ್ಡೆ ಅನ್ನೋದು ಸುಳ್ಳು.

ಬೆಟ್ಟದ ಹಾದಿ: ಹುಟ್ಟದೇ ಇರೋ ಕರುವಿನ ರಕ್ತ ಹಾಕ್ತಾರೆ ಅನ್ನೋದೂ ಸುಳ್ಳಾ ಮೇಡಂ?

ಡಾಕ್ಟರ್ ಮೇಡಂ: ಇದು ಪೂರ್ತಿ ಸುಳ್ಳಲ್ಲ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೇಲಿರೋ ಕರುವಿನ ರಕ್ತದಿಂದ ತೆಗೆದ ಸೀರಂ ಲ್ಯಾಬುಗಳಲ್ಲಿ ತುಂಬಾ ವರ್ಷದಿಂದ ಬಳಕೆಲಿದೆ, ಶುರುವಲ್ಲಿ ಈ ಮಾಂಸಕ್ಕೂ ಅದನ್ನೇ ಹಾಕ್ತಿದ್ರು. ಅದಿಲ್ಲದೆ ಬೆಳೆಸಿದ ಕೋಳಿಗೆ ಸಿಂಗಾಪುರ 2023ರಲ್ಲಿ ಒಪ್ಪಿಗೆ ಕೊಡ್ತು. ಪ್ರಾಣಿ ಹಿಂಸೆ ಇಲ್ಲ ಅಂತ ತಿನ್ನೋರು ಕಂಪನಿಯನ್ನ ಕೇಳಲೇಬೇಕಾದ ಪ್ರಶ್ನೆ ಇದು.

ಮಡಿಕೇರಿ ಮಳೆ: ಇದು ಮಡಿಕೇರೀಲಿ ಸಿಗುತ್ತಾ?

ಡಾಕ್ಟರ್ ಮೇಡಂ: ಇಲ್ಲ. ಮೇಲೆ ಓದಿ.

ವಿರಾಜಪೇಟೆ ಭಾಯ್: ಮೇಡಂ ಇದು ಹಲಾಲ್ ಆಗುತ್ತಾ?

ಡಾಕ್ಟರ್ ಮೇಡಂ: ಧರ್ಮದ ವಿಷಯ ನಾನು ಹೇಳೋದಲ್ಲ, ಉಸ್ತಾದರನ್ನ ಕೇಳಿ. ಸಿಂಗಾಪುರದ ಫತ್ವಾ ಸಮಿತಿ 2024ರಲ್ಲಿ ಷರತ್ತು ಹಾಕಿ ಆಗಬಹುದು ಅಂದಿದೆ, ಕೋಶ ಹಲಾಲ್ ಪ್ರಾಣಿದಾಗಿರಬೇಕು, ಬೆಳೆಸೋ ದ್ರವದಲ್ಲೂ ನಿಷಿದ್ಧ ವಸ್ತು ಇರಬಾರದು ಅಂತ.

ನಾಪೋಕ್ಲು ಅಮ್ಮ: ಮೇಡಂ ನನ್ನ ಮಗಳು ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಕೆಲಸದಲ್ಲಿದ್ದಾಳೆ. ಚಿಕ್ಕೋಳಿದ್ದಾಗಿಂದ ಮೀನು ಆಗಲ್ಲ, ಒಂದ್ಸಲ ಮತ್ತಿ ಮೀನಿನ ಸಾರು ತಿಂದು ತುಟಿ ದಪ್ಪ ಆಗಿ ಉಸಿರು ಕಟ್ಟಿ ರಾತ್ರೋರಾತ್ರಿ ಮೈಸೂರಿಗೆ ಕರ್ಕೊಂಡು ಹೋಗಿದ್ವಿ. ಈಗ ಅಲ್ಲಿ ಲ್ಯಾಬಲ್ಲಿ ಬೆಳ್ಸಿದ ಸಾಲ್ಮನ್ ಮೀನು ಹೋಟೆಲಲ್ಲಿ ಕೊಡ್ತಾರಂತೆ, ಆಫೀಸಿನೋರು ಶನಿವಾರ ಊಟಕ್ಕೆ ಕರೆದಿದ್ದಾರೆ. ಸಮುದ್ರ ನೋಡಿಲ್ಲ, ಮುಳ್ಳಿಲ್ಲ, ಮೀನು ಕೊಂದೂ ಇಲ್ಲ, ಅಲರ್ಜಿ ಆಗಲ್ಲ ಅಂತ ಅವಳು ಅಂತಾಳೆ. ಇಲ್ಲಿ ಒಬ್ರು ಅರ್ಧ ಚಮಚ ಕಾಚಂಪುಳಿ ಮೊದ್ಲೇ ಕುಡಿದ್ರೆ ಮೀನಿನ ನಂಜು ಏರಲ್ಲ ಅಂತ ಮೆಸೇಜ್ ಹಾಕಿದ್ರಲ್ಲ, ಒಂದು ಬಾಟ್ಲು ಅವಳ ಹತ್ರ ಇದೆ. ತಿನ್ನಬಹುದಾ?

ಡಾಕ್ಟರ್ ಮೇಡಂ: ಅಕ್ಕ, ಬೇಡ. ಇದನ್ನ ಓದಿದ ತಕ್ಷಣ ಅವಳಿಗೆ ಫೋನ್ ಮಾಡಿ, ಆಮೇಲೆ ಕೆಳಗಿನದು ಓದಿ.

ಲ್ಯಾಬ್ ಸಾಲ್ಮನ್ ಅಂದ್ರೆ ಸಾಲ್ಮನ್ನೇ. 2025ರಲ್ಲಿ ವೈಲ್ಡ್‌ಟೈಪ್ ಅನ್ನೋ ಕಂಪನಿ ಮೀನಿಗೆ ಅಲ್ಲಿ ದಾರಿ ಸಿಕ್ಕಿದೆ, ಪೋರ್ಟ್‌ಲ್ಯಾಂಡಿನ ಒಂದು ಹೋಟೆಲಲ್ಲಿ ಬಡಿಸೋಕೆ ಶುರು ಮಾಡಿದ್ರು, ನಿಮ್ಮ ಮಗಳು ಹೇಳೋದು ಅದೇ ಇರಬೇಕು. ಕೋಶ ಬಂದಿರೋದು ಮೀನಿಂದ, ಅದು ಕಟ್ಟೋ ಪ್ರೋಟೀನೂ ಮೀನಿಂದೇ. ಮೀನು ಅಲರ್ಜಿ ಇರೋ ಹೆಚ್ಚಿನವರಿಗೆ ತೊಂದ್ರೆ ಕೊಡೋದು ಪಾರ್ವಾಲ್ಬುಮಿನ್ ಅನ್ನೋ ಪ್ರೋಟೀನು, ಅದು ಇರೋದು ಮೀನಿನ ಮಾಂಸಖಂಡದಲ್ಲಿ. ಮುಳ್ಳಲ್ಲಲ್ಲ, ಸಮುದ್ರದ ನೀರಲ್ಲಲ್ಲ, ಕೊಂದಿದ್ದರಿಂದ ಬರೋದೂ ಅಲ್ಲ. ಬೇಯಿಸಿದ್ರೂ ಸುಲಭಕ್ಕೆ ಹಾಳಾಗಲ್ಲ, ಅದಕ್ಕೇ ಅವತ್ತು ಕುದ್ದ ಸಾರಲ್ಲೂ ಅವಳಿಗೆ ಆಗಿದ್ದು. ಮತ್ತಿಗೂ ಸಾಲ್ಮನ್ನಿಗೂ ಈ ಪ್ರೋಟೀನು ಹತ್ತಿರ ಹತ್ತಿರ ಒಂದೇ ಥರ ಇರುತ್ತೆ, ಒಂದು ಆಗದವರಿಗೆ ಇನ್ನೊಂದೂ ಆಗದೇ ಇರೋದು ಮಾಮೂಲು. ಲ್ಯಾಬ್ ಮೀನಲ್ಲಿ ಅದು ಕಮ್ಮಿ ಇದ್ರೂ ಇರಬಹುದು, ಆದ್ರೆ ಉಸಿರು ಕಟ್ಟಿದ ಹುಡುಗಿ ಹೋಟೆಲ್ ಟೇಬಲ್ ಮೇಲೆ ಪರೀಕ್ಷೆ ಮಾಡೋ ವಿಷಯ ಅಲ್ಲ ಅದು. ಉಸಿರು ಕಟ್ಟೋಕೆ ಒಂದು ತುಣುಕು ಸಾಕು.

ಊಟಕ್ಕೆ ಹೋಗ್ಲಿ, ಆದ್ರೆ ಮೊದ್ಲೇ ಹೋಟೆಲಿಗೆ ಫೋನ್ ಮಾಡಿ ಮೀನು ಅಲರ್ಜಿ ಅಂತ ಹೇಳ್ಲಿ, ಅದೇ ಚಾಕು, ಅದೇ ಹಲಗೆ, ಅದೇ ಎಣ್ಣೆ ಅವಳ ಊಟಕ್ಕೆ ಬರಬಾರದು. ಅಲರ್ಜಿ ಜೋರಾದಾಗ ಚುಚ್ಕೊಳ್ಳೋ ಅಡ್ರಿನಲಿನ್ ಪೆನ್ ಇದ್ರೆ ಕೈಚೀಲದಲ್ಲಿ ಇರಲೇಬೇಕು, ಕಾರಲ್ಲಿ ಬಿಟ್ಟು ಹೋಗೋದಲ್ಲ. ಇಲ್ದಿದ್ರೆ ಶನಿವಾರದ ಒಳಗೆ ಅಲ್ಲಿನ ಅಲರ್ಜಿ ಡಾಕ್ಟರ್‌ನ ನೋಡ್ಲಿ. ನಾನು ಪಶುವೈದ್ಯೆ, ಚಿಕಿತ್ಸೆ ಅವರೇ ಹೇಳ್ಬೇಕು. ತುಟಿ ಊದೋದು, ಗಂಟಲು ಬಿಗಿಯೋದು, ಉಸಿರಿಗೆ ಕಷ್ಟ, ತಲೆ ಸುತ್ತು ಏನಾದ್ರೂ ಬಂದ್ರೆ ತೊಡೆಯ ಹೊರ ಮಗ್ಗುಲಿಗೆ ಪೆನ್ ಚುಚ್ಚಿ 911ಕ್ಕೆ ಕರೆ ಮಾಡೋದು. ಸಿಟ್ರಿಜಿನ್ ಅಲರ್ಜಿ ಮಾತ್ರೆ ನುಂಗಿ ಕಾಯೋದಲ್ಲ.

ಕಾಚಂಪುಳಿ ಬಗ್ಗೆ. ಯಾರು ಹಾಕಿದ್ರೋ ಅವರು ಆ ಮೆಸೇಜ್ ಅಳಿಸಿ, ಈಗ್ಲೇ. ಪಣಪುಳಿ ಹಣ್ಣಿನ ರಸ ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿದ ಹುಳಿ ಅದು, ಪಂದಿ ಕರಿಗೆ, ಅಂದ್ರೆ ಹಂದಿ ಮಾಂಸದ ಸಾರಿಗೆ, ಇಳಿಸೋ ಮುಂಚೆ ಹಾಕೋಕೆ ಇರೋದು. ಅಲರ್ಜಿನ ತಡೆಯೋ ಶಕ್ತಿ ಅದಕ್ಕಿಲ್ಲ. ಕುಡಿದೆ, ಇನ್ನೇನೂ ಆಗಲ್ಲ ಅಂತ ಧೈರ್ಯ ಮಾಡಿ ಮೀನು ತಿಂದ್ರಲ್ಲ, ಜೀವ ಹೋಗೋದು ಆ ಧೈರ್ಯದಿಂದ.

ನಾಪೋಕ್ಲು ಅಮ್ಮ: ಈಗ್ಲೇ ಮಾಡ್ತೀನಿ ಮೇಡಂ.

ಸಿದ್ದಾಪುರ ತಾತ: ಕಾಚಂಪುಳಿ ಮೆಸೇಜ್ ಹಾಕಿದ್ದು ನಾನು. ನಮ್ಮ ಅಜ್ಜಿ ಕಾಲದಿಂದ ಇದೆ ಇದು, ಎಲ್ಲಾನೂ ಇಂಗ್ಲಿಷ್ ಔಷಧಿಲೇ ಇರೋದಾ?

ಡಾಕ್ಟರ್ ಮೇಡಂ: ಅಜ್ಜಿ ಮೇಲೆ ನಂಗೂ ಗೌರವ ಇದೆ ಸಾರ್. ಮೆಸೇಜ್ ಅಳಿಸಿ.

ಹಂದಿ ಸಾಕೋನು: ನಾನೊಂದು ಹೇಳ್ತೀನಿ. ಆಫ್ರಿಕನ್ ಹಂದಿ ಜ್ವರ ಬಂದಾಗ ಹಂದಿ ಮಾಂಸ ತಿಂದ್ರೆ ಮನುಷ್ಯರು ಸಾಯ್ತಾರೆ ಅಂತ ಇದೇ ಥರ ಮೆಸೇಜ್ ಹಾಕಿ ನಮ್ಮ ವ್ಯಾಪಾರನೇ ಮುಗಿಸಿದ್ರಿ. ಈಗ ಲ್ಯಾಬ್ ಮಾಂಸ ಬರುತ್ತೆ ಫಾರಂ ಮುಚ್ಚಿ ಅಂತ. ಬ್ಯಾಂಕ್ ಸಾಲ ಯಾರು ಕಟ್ತಾರೆ?

ಡಾಕ್ಟರ್ ಮೇಡಂ: ಆ ಜ್ವರ ಮನುಷ್ಯರಿಗೆ ಬರಲ್ಲ. ಅವತ್ತೂ ಹೇಳಿದ್ದೆ.

ಮಳೆಹುಡುಗಿ: ಅಣ್ಣ, ನಿಮ್ಮ ಕಷ್ಟ ಅರ್ಥ ಆಗುತ್ತೆ ಆದ್ರೆ ಹಂದಿ ಕಡಿಯುವಾಗ ಕೂಗೋದು ಕೇಳಿದ್ದೀರಲ್ಲ? ಕೊಲ್ಲದೆ ಮಾಂಸ ಸಿಗೋದಾದ್ರೆ ನಾನಂತೂ ತಿಂತೀನಿ. ನಾನು ಕಾಲೇಜಿಗೆ ಬಂದ ಮೇಲೆ ಬಿಟ್ಟಿರೋದೇ ಅದಕ್ಕೆ.

ಹಂದಿ ಸಾಕೋನು: ನೀನು ಬಿಟ್ಟಿದ್ದೀಯ, ಸರಿ. ರಾತ್ರಿ ಮರಿ ಹಾಕುವಾಗ ಟಾರ್ಚ್ ಹಿಡ್ಕೊಂಡು ಕೂತು, ತಾಯಿ ಮೈ ಕೆಳಗೆ ಸಿಕ್ಕಿಹಾಕ್ಕೊಂಡ ಮರಿನ ಎಳೆದು ಗೋಣಿಚೀಲದಲ್ಲಿ ಒರೆಸಿ ಮೊಲೆಗೆ ಹಚ್ಚೋನು ನಾನು. ನಂಗೆ ಪ್ರಾಣಿ ಮೇಲೆ ಪ್ರೀತಿ ಇಲ್ಲ ಅನ್ಬೇಡ.

ಮಳೆಹುಡುಗಿ: ಹಾಗೆ ಅಂದಿಲ್ಲ ಅಣ್ಣ.

ಸಿದ್ದಾಪುರ ತಾತ: ಕೈಲ್‌ಪೊಳ್ದ್ ಹಬ್ಬಕ್ಕೆ ಗುರು ಕಾರೋಣರಿಗೆ, ಅಂದ್ರೆ ತೀರಿಹೋದ ಹಿರಿಯರಿಗೆ, ಮೀದಿ ಎಡೆ ಇಡೋವಾಗ ಟ್ಯಾಂಕಲ್ಲಿ ಬೆಳೆದಿದ್ದು ಇಡ್ತೀರಾ? ಹಿರಿಯರು ಒಪ್ತಾರಾ? ಮೇಡಂ ಹೇಳ್ಲಿ.

ಬೆಟ್ಟದ ಹಾದಿ: ಬ್ರಾಯ್ಲರ್ ಕೋಳಿ ಇಡ್ತಿಲ್ವಾ ಈಗ, ಅದನ್ನ ಹಿರಿಯರು ನೋಡಿದ್ರಾ?

ಸಿದ್ದಾಪುರ ತಾತ: ಬ್ರಾಯ್ಲರ್‌ಗೆ ತಲೆ ಕಾಲು ಇದೆ, ಜೀವ ಇದೆ. ನಿಮ್ಮ ಮನೇಲಿ ಏನು ಬೇಕಾದ್ರೂ ಇಡಿ.

ಬೆಟ್ಟದ ಹಾದಿ: ಮನೆ ಸುದ್ದಿಗೆ ಬರ್ಬೇಡಿ.

ಅಡ್ಮಿನ್: ಇಬ್ರೂ ನಿಲ್ಲಿಸಿ.

ಸೋಮವಾರಪೇಟೆ ಮೇಷ್ಟ್ರು: ಮೇಡಂ ಇಟಲಿಯಲ್ಲಿ ನಿಷೇಧ ಮಾಡಿದ್ದಾರೆ, ಅಪಾಯ ಇಲ್ದೆ ಮಾಡ್ತಾರಾ? ಇನ್ನೊಂದು, ಇದ್ರಲ್ಲಿ ಪಂದಿ ಕರಿ ಆಗುತ್ತಾ?

ಡಾಕ್ಟರ್ ಮೇಡಂ: ಇಟಲಿ 2023ರಲ್ಲಿ ಕಾನೂನು ಮಾಡ್ತು, ಅಮೆರಿಕದ ಫ್ಲೋರಿಡಾ ರಾಜ್ಯ 2024ರಲ್ಲಿ. ಎರಡು ಕಡೆನೂ ಮಾತು ಹೆಚ್ಚಾಗಿ ರೈತರನ್ನ, ಊರಿನ ಊಟದ ಪದ್ಧತಿನ ಉಳಿಸೋದರ ಬಗ್ಗೆ. ಹಂದಿ ಸಾಕೋ ಅಣ್ಣ ಕೇಳಿದ್ದೂ ಅದೇ, ಅದು ನ್ಯಾಯವಾದ ಪ್ರಶ್ನೆ, ತಾತ ಕೇಳಿದ್ದೂ ಅವರ ಮಟ್ಟಿಗೆ ನ್ಯಾಯನೇ. ನಂಗೆ ಬೇಡ, ನಮ್ಮ ಪದ್ಧತಿಗೆ ಸರಿಬರಲ್ಲ ಅಂತ ನೇರವಾಗಿ ಹೇಳೋ ಹಕ್ಕು ಎಲ್ರಿಗೂ ಇದೆ. ಆದ್ರೆ ಇಷ್ಟ ಇಲ್ಲ ಅನ್ನೋದಕ್ಕೆ ಕ್ಯಾನ್ಸರ್ ಬಣ್ಣ ಹಚ್ಚಬೇಡಿ, ಇಷ್ಟ ಇದೆ ಅಂತ ಅಲರ್ಜಿನೂ ಬರಲ್ಲ ಅನ್ಬೇಡಿ.

ಪಂದಿ ಕರಿ ಈಗಂತೂ ಆಗಲ್ಲ. ಟ್ಯಾಂಕಲ್ಲಿ ಬೆಳೆಯೋದು ಬಿಡಿಬಿಡಿ ಕೋಶ, ಅದನ್ನ ಒತ್ತಿ ಖೀಮಾ ಥರ ಮಾಡೋದು ಸುಲಭ. ನಮಗೆ ಬೇಕಿರೋದು ಚರ್ಮ, ಅದರ ಕೆಳಗೆ ಕೊಬ್ಬು, ಆಮೇಲೆ ಮಾಂಸ, ಮೂರೂ ಒಂದೇ ತುಂಡಲ್ಲಿ. ಒಳಗಿನ ಕೋಶಕ್ಕೆ ಆಹಾರ ಮುಟ್ಟಿಸೋ ರಕ್ತನಾಳ ಇಲ್ಲದೆ ಅಷ್ಟು ದಪ್ಪಗೆ ಬೆಳ್ಸೋದು ಕಷ್ಟ. ಕರೆಂಟ್ ಖರ್ಚು, ದ್ರವದ ಬೆಲೆ ಬೇರೆ. ಫಾರಂ ಮುಚ್ಚೋ ಮಾತು ಈಗ ಬೇಡ.

ಕಾಡಂಚು: ಮೇಡಂ ನಮ್ಮ ಹಂದಿ ಮರಿಗಳಿಗೆ ಎರಡು ದಿನದಿಂದ ಬಿಳಿ ಭೇದಿ, ಏನು ಕೊಡೋದು?

ಮಡಿಕೇರಿ ಮಳೆ: ಬೆಂಗಳೂರಲ್ಲಾದ್ರೂ ಸಿಗುತ್ತಾ?

ಡಾಕ್ಟರ್ ಮೇಡಂ: ಇಲ್ಲ ಅಂತ ಎಷ್ಟು ಸಲ ಹೇಳ್ಲಿ.

ಕಾಫಿ ಹೂ: ಇನ್ನೊಂದು ವಿಡಿಯೋ ಬಂದಿದೆ ಮೇಡಂ, ಬಿರಿಯಾನಿಲಿ ಈಗಾಗ್ಲೇ ಲ್ಯಾಬ್ ಚಿಕನ್ ಬೆರೆಸ್ತಾ ಇದ್ದಾರಂತೆ, ಹಾಕ್ಲಾ?

ಡಾಕ್ಟರ್ ಮೇಡಂ: ಹಾಕ್ಬೇಡಿ. ಫಾರಂ ಕೋಳಿಗಿಂತ ಎಷ್ಟೋ ಪಟ್ಟು ದುಬಾರಿ ಮಾಂಸನ ಯಾವ ಹೋಟೆಲ್‌ನೋರು ಕದ್ದು ಬೆರೆಸ್ತಾರೆ? ಒಂದ್ನಿಮಿಷ ಯೋಚನೆ ಮಾಡಿ ಕಳ್ಸಿ.

ಹಂದಿ ಸಾಕೋನು: ಹೇಳೋರಿಗೆ ಹೇಳಿ ಮೇಡಂ, ಇವರು ಕೇಳಲ್ಲ.

ಕಾಫಿ ಹೂ: ನಾನು ಕೇಳಿದ್ದು ಮೇಡಂನ, ನಿಮ್ಮನ್ನಲ್ಲ.

ನಾಪೋಕ್ಲು ಅಮ್ಮ: ಮಗಳ ಹತ್ರ ಮಾತಾಡಿದೆ ಮೇಡಂ. ಪೆನ್ ಇದೆಯಂತೆ ಆದ್ರೆ ತಾರೀಖು ಮುಗಿದಿದೆ. ಅದನ್ನೇ ಇಟ್ಕೊಂಡು ಹೋದ್ರೆ ಆಗುತ್ತಾ ಅಂತಾಳೆ.

ಡಾಕ್ಟರ್ ಮೇಡಂ: ಹೊಸದು ತಗೊಳ್ಳೋಕೆ ಹೇಳಿ ಅಕ್ಕ, ನಾಳೆನೇ. ಹೊಸದು ಕೈಗೆ ಬರೋವರೆಗೂ ಹಳೇದನ್ನ ಬಿಸಾಕೋದು ಬೇಡ, ಜೀವಕ್ಕೆ ಬಂದ ಹೊತ್ತಲ್ಲಿ ಏನೂ ಇಲ್ಲದೇ ಇರೋದಕ್ಕಿಂತ ಅದು ವಾಸಿ. ಆದ್ರೆ ಅದನ್ನ ನಂಬ್ಕೊಂಡು ಶನಿವಾರ ಮೀನಿನ ಹೋಟೆಲಿಗೆ ಹೋಗೋದು ಬೇಡ. ಹೊಸ ಪೆನ್ ಸಿಕ್ಕಿಲ್ಲ ಅಂದ್ರೆ ಆಫೀಸಿನೋರಿಗೆ ಬೇರೆ ಹೋಟೆಲ್ ನೋಡಿ ಅನ್ನಲಿ.